ನಂದಿಬೆಟ್ಟ: ಪಿಕ್‌ನಿಕ್ ಸ್ಪಾಟ್ ಅಷ್ಟೇ ಅಲ್ಲ, ಜಿಲ್ಲೆಯ ತೋಟ, ನೀರಿನ ನೆತ್ತಿ

ಚಿಕ್ಕಬಳ್ಳಾಪುರ: ಶನಿವಾರ, ಭಾನುವಾರ ಬಂತು ಅಂದ್ರೆ ಸಾಕು, ನಸುಕಿನಲ್ಲೇ ನಂದಿಬೆಟ್ಟದ ರಸ್ತೆಯಲ್ಲಿ ಬೆಂಗಳೂರಿನ ಬೈಕು, ಕಾರುಗಳ ಸಾಲು. ಮಂಜು ನೋಡಿ, ಸೆಲ್ಫಿ ತೆಗೆದು, ತಿಂಡಿ ತಿಂದು ವಾಪಸ್ ಹೋಗೋರೇ ಹೆಚ್ಚು. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಜನರಿಗೆ ಈ ಬೆಟ್ಟದ ಲೆಕ್ಕವೇ ಬೇರೆ. ಇದು ಜಿಲ್ಲೆಯ ಸಾರ್ವಜನಿಕ ಉದ್ಯಾನ. ಜೊತೆಗೆ ಹಳ್ಳ, ಕೆರೆಗಳಿಗೆ ನೀರು ಇಳಿದು ಬರುವ ಜಾಗ. ಮೇಲೆ ಏನು ಉಳಿಯುತ್ತದೋ ಅದರ ಮೇಲೆ ಕೆಳಗಿನ ಊರುಗಳ ಬದುಕೂ ನಿಂತಿದೆ.

ಕೋಟೆಯಿಂದ ಗಿರಿಧಾಮಕ್ಕೆ

ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರದ ಈ ಬೆಟ್ಟಕ್ಕೆ ಆನಂದಗಿರಿ, ನಂದಿದುರ್ಗ ಅಂತಲೂ ಹೆಸರಿದೆ. ಚಿಕ್ಕಬಳ್ಳಾಪುರದ ಪಾಳೇಗಾರರ ಕೈಯಲ್ಲಿದ್ದ ಕೋಟೆಯನ್ನು ಹೈದರಾಲಿ, ಟಿಪ್ಪು ಸುಲ್ತಾನ್ ಗಟ್ಟಿ ಮಾಡಿದರು. ಮೂರನೇ ಮೈಸೂರು ಯುದ್ಧದಲ್ಲಿ, 1791ರ ಅಕ್ಟೋಬರ್ 19ರಂದು ಬ್ರಿಟಿಷರ ಸೈನ್ಯ ಇದನ್ನು ಹಿಡಿಯಿತು. ಟಿಪ್ಪುವಿನ ಬೇಸಿಗೆ ಅರಮನೆ ಇವತ್ತಿಗೂ ಇದೆ.

ಆಮೇಲೆ ಬ್ರಿಟಿಷ್ ಅಧಿಕಾರಿಗಳು ಬಿಸಿಲು ತಪ್ಪಿಸಿಕೊಳ್ಳೋಕೆ ಬೆಟ್ಟ ಹತ್ತಲು ಶುರು ಮಾಡಿದರು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಇಲ್ಲಿ ಬಂಗಲೆ ಕಟ್ಟಿಸಿದರು. 1927ರಲ್ಲಿ ಆರೋಗ್ಯ ಕೆಟ್ಟಿದ್ದ ಗಾಂಧೀಜಿ ವಿಶ್ರಾಂತಿಗೆ ಅಂತ ಬಂದು ಒಂದು ತಿಂಗಳಿಗೂ ಹೆಚ್ಚು ಕಾಲ ಇಲ್ಲಿದ್ದರು. 1936ರಲ್ಲಿ ಮತ್ತೊಮ್ಮೆ ಬಂದರು. 1986ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಸಮ್ಮೇಳನ ನಡೆದಾಗ ನೆರೆ ದೇಶಗಳ ನಾಯಕರನ್ನೂ ಇಲ್ಲಿಗೆ ಕರೆತಂದಿದ್ದರು.

ಬೆಟ್ಟದ ಮೇಲಿನ ಹೂದೋಟ, ಹುಲ್ಲುಹಾಸು, ಮರಗಳ ಸಾಲನ್ನು ಬಹುಕಾಲದಿಂದ ನೋಡಿಕೊಂಡು ಬಂದಿದ್ದು ತೋಟಗಾರಿಕೆ ಇಲಾಖೆ.

ಇಲ್ಲಿಂದಲೇ ಇಳಿದ ನೀಲಗಿರಿ

ಈ ತೋಟದ ಒಂದು ಕಥೆ ಜಿಲ್ಲೆಯ ರೈತರಿಗೆ ಗೊತ್ತಿರಲೇಬೇಕು. 1790ರ ಸುಮಾರಿಗೆ ಟಿಪ್ಪು ನಂದಿಬೆಟ್ಟದ ತನ್ನ ತೋಟದಲ್ಲಿ ನೀಲಗಿರಿ ಸಸಿ ಹಾಕಿಸಿದ, ಭಾರತದಲ್ಲಿ ಈ ಆಸ್ಟ್ರೇಲಿಯಾದ ಮರ ಮೊದಲು ಬೆಳೆದಿದ್ದು ಇಲ್ಲೇ ಅಂತ ಅರಣ್ಯಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಇಲ್ಲಿನ ಮರಗಳಿಂದ ಬಂದ ಬೀಜದ ತಳಿಗೆ 'ಮೈಸೂರು ಗಮ್' ಅನ್ನೋ ಹೆಸರೇ ಬಿತ್ತು. ಮುಂದೆ ಅದು ರಾಜ್ಯದ ತುಂಬಾ ಹರಡಿತು.

ನೀರು ಹಾಯಿಸಬೇಕಿಲ್ಲ, ದನ ತಿನ್ನಲ್ಲ, ಕೂಲಿ ಖರ್ಚಿಲ್ಲ, ಕಡಿದರೆ ಮತ್ತೆ ಚಿಗುರುತ್ತದೆ. ಹಾಗಾಗಿ ರಾಗಿ ಬೆಳೆಯುತ್ತಿದ್ದ ಖುಷ್ಕಿ ಜಮೀನುಗಳೂ ನೀಲಗಿರಿ ತೋಪುಗಳಾದವು. ಅಂತರ್ಜಲ ಕುಸಿದು ಬೋರ್‌ವೆಲ್ ಒಣಗತೊಡಗಿದಾಗ ಬೈಗುಳವೆಲ್ಲ ಈ ಮರದ ಮೇಲೆ ಬಿತ್ತು. ಕೊನೆಗೆ 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಬೆಟ್ಟದ ಮೇಲೆ ನೆಟ್ಟಿದ್ದು ಕೆಳಗಿನ ಹೊಲದ ತನಕ ಬರುತ್ತೆ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಎರಡು ಅಪರೂಪದ ಹಕ್ಕಿಗಳು

ಪಕ್ಷಿ ವೀಕ್ಷಕರು ಕ್ಯಾಮೆರಾ ಹೊತ್ತು ಬರೋದು ಮುಖ್ಯವಾಗಿ ಎರಡು ಹಕ್ಕಿಗಳಿಗಾಗಿ. ಒಂದು ನೀಲಗಿರಿ ಮರಪಾರಿವಾಳ. ಇದು ಪಶ್ಚಿಮ ಘಟ್ಟದ ಹಕ್ಕಿ. ಬೆಟ್ಟದ ತುದಿಯಲ್ಲಿ ಮಂಜು, ತಂಪು, ದಟ್ಟ ಮರಗಳಿರೋದರಿಂದ ಬಯಲುಸೀಮೆಯ ನಡುವೆಯೂ ಇಲ್ಲಿ ಉಳಿದಿದೆ. ಇನ್ನೊಂದು ಹಳದಿ ಕೊರಳಿನ ಪಿಕಳಾರ. ಇದಕ್ಕೆ ಬೇಕಿರೋದು ಬಂಡೆ, ಕುರುಚಲು ಗಿಡ ಇರುವ ಇಳಿಜಾರು. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಿಗಲ್ಲ. ಅಳಿವಿನ ಅಪಾಯ ಇರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಎರಡೂ ಇವೆ.

ಚಳಿಗಾಲದಲ್ಲಿ ಹಿಮಾಲಯದ ಕಡೆಯಿಂದ ಬರುವ ನೊಣಹಿಡುಕ ಹಕ್ಕಿಗಳು, ಉದ್ದ ಬಾಲದ ಬಾಲದಂಡೆ ಹಕ್ಕಿ ಕೂಡ ಕಾಣುತ್ತವೆ. ಅಂದ್ರೆ ತುದಿಯ ಮರ ಎಷ್ಟು ಮುಖ್ಯವೋ, ಪಾಳು ಅಂತ ಕಾಣುವ ಇಳಿಜಾರಿನ ಕುರುಚಲೂ ಅಷ್ಟೇ ಮುಖ್ಯ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬಿದ್ದರೆ ಮೊದಲು ಹೋಗೋದು ಈ ಕುರುಚಲೇ.

ಕೋತಿಗಳ ವಿಷಯ ಎಲ್ಲರಿಗೂ ಗೊತ್ತು. ಚಿಪ್ಸ್, ಬಿಸ್ಕೆಟ್ ಕೊಟ್ಟು ಅಭ್ಯಾಸ ಮಾಡಿಸಿದ ಮೇಲೆ ಅವು ಕೈಚೀಲಕ್ಕೆ ಕೈ ಹಾಕದೆ ಬಿಡುತ್ತವೆಯೇ?

ನೀರಿನ ಲೆಕ್ಕ

ವರ್ಷವಿಡೀ ಹರಿಯುವ ನದಿ ಜಿಲ್ಲೆಯಲ್ಲಿ ಒಂದೂ ಇಲ್ಲ. ಆದರೆ ನಂದಿ ಬೆಟ್ಟಸಾಲಿನಲ್ಲಿ ಬಿದ್ದ ಮಳೆ ನಾಲ್ಕೂ ದಿಕ್ಕಿಗೆ ಹಂಚಿಹೋಗುತ್ತದೆ. ಉತ್ತರ ಪಿನಾಕಿನಿ ಗೌರಿಬಿದನೂರು ದಾಟಿ ಆಂಧ್ರಕ್ಕೆ, ದಕ್ಷಿಣ ಪಿನಾಕಿನಿ ಹೊಸಕೋಟೆ ಕಡೆಯಿಂದ ತಮಿಳುನಾಡಿಗೆ, ಅರ್ಕಾವತಿ ದೊಡ್ಡಬಳ್ಳಾಪುರದ ಕಡೆಗೆ. ಚಿತ್ರಾವತಿ, ಪಾಪಾಘ್ನಿ, ಪಾಲಾರ್ ಹುಟ್ಟೋದೂ ಈ ಭಾಗದಲ್ಲೇ. ಚಿಕ್ಕಬಳ್ಳಾಪುರ ಮತ್ತು ದೊಡ್ಡಬಳ್ಳಾಪುರಕ್ಕೆ ಕುಡಿಯುವ ನೀರು ಕೊಡುವ ಜಕ್ಕಲಮಡುಗು ಜಲಾಶಯ ಇರೋದೂ ಈ ಬೆಟ್ಟಗಳ ನಡುವೆ. ಬೆಟ್ಟದ ಮೇಲಿನ ಅಮೃತ ಸರೋವರ ಒರತೆ ನೀರಿನ ಕಲ್ಯಾಣಿ.

ಜಾತ್ರೆ, ಪ್ರದಕ್ಷಿಣೆ

ಬೆಟ್ಟದ ಮೇಲೆ ಯೋಗನಂದೀಶ್ವರ, ಕೆಳಗೆ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ. ಕೆಳಗಿನ ದೇವಸ್ಥಾನದ ಮೂಲ 9ನೇ ಶತಮಾನದ್ದು. ಶಿವರಾತ್ರಿಗೆ ರಥೋತ್ಸವ, ಜಾತ್ರೆ. ದನಗಳ ಜಾತ್ರೆಗೂ ನಂದಿ ಹಿಂದಿನಿಂದ ಹೆಸರುವಾಸಿ. ಆಷಾಢ ಮಾಸದ ಕೊನೆಯ ಸೋಮವಾರ ನಂದಿಗಿರಿ ಪ್ರದಕ್ಷಿಣೆ. ಆ ದಿನ ಜನ ಬೆಟ್ಟ ಹತ್ತಲ್ಲ, ಭಜನೆ ಮಾಡುತ್ತಾ ಬೆಟ್ಟವನ್ನೇ ಸುತ್ತು ಹಾಕುತ್ತಾರೆ.

ಒಂದೇ ರಸ್ತೆ

ವಾಹನ ಹತ್ತೋಕೆ ಇರೋದು ಒಂದೇ ರಸ್ತೆ. 2021ರ ಆಗಸ್ಟ್‌ನಲ್ಲಿ ಜೋರು ಮಳೆಗೆ ಗುಡ್ಡ ಕುಸಿದು ರಸ್ತೆ ಕೊಚ್ಚಿಹೋಯಿತು. ತಿಂಗಳುಗಟ್ಟಲೆ ಪ್ರವಾಸಿಗರಿಗೆ ಬೆಟ್ಟ ಬಂದ್. ಪ್ರವಾಸಿಗರನ್ನೇ ನಂಬಿದ ಟೀ ಅಂಗಡಿ, ಜೋಳ ಸುಡೋರು, ಹಣ್ಣಿನ ಗಾಡಿಯವರಿಗೆ ಬೆಟ್ಟ ಬಂದ್ ಅಂದ್ರೆ ವ್ಯಾಪಾರವೂ ಬಂದ್.

2023ರ ಮಾರ್ಚ್‌ನಲ್ಲಿ ಸುಮಾರು 93 ಕೋಟಿ ರೂಪಾಯಿಯ, 3 ಕಿ.ಮೀ. ಹತ್ತಿರದ ರೋಪ್‌ವೇಗೆ ಶಂಕುಸ್ಥಾಪನೆ ಆಯಿತು. ರೋಪ್‌ವೇ ಬಂದರೆ ರಸ್ತೆಯ ಭಾರ ಇಳಿಯಬಹುದು. ಆದರೆ ಮೇಲೆ ಒಂದೇ ದಿನಕ್ಕೆ ಎಷ್ಟು ಜನ ಇರಬಹುದು, ದಾರಿ ಬದಿ ಅಂಗಡಿಯವರಿಗೆ ಕೆಳಗಿನ ನಿಲ್ದಾಣದಲ್ಲಿ ಜಾಗ ಸಿಗುತ್ತಾ, ಇವೆರಡೂ ಮೊದಲೇ ತೀರ್ಮಾನ ಆಗಬೇಕಾದ ಮಾತು.

ಹೋಗೋರು ಗಮನಿಸಿ

* ಹಕ್ಕಿ ನೋಡೋರಿಗೆ ವಾರದ ದಿನದ ಬೆಳಗ್ಗೆಯೇ ಸರಿ.
* ನಡೆದು ಹತ್ತೋರಿಗೆ ಸುಲ್ತಾನ್‌ಪೇಟೆ ಕಡೆಯಿಂದ ಮೆಟ್ಟಿಲು ದಾರಿ ಇದೆ.
* ಶಿಡ್ಲಘಟ್ಟ, ಚಿಂತಾಮಣಿ ಕಡೆಯಿಂದ ಬರೋರಿಗೆ ಕೋಲಾರ–ಬೆಂಗಳೂರು ರೈಲು ಮಾರ್ಗದಲ್ಲೇ ನಂದಿ ಹಾಲ್ಟ್ ನಿಲ್ದಾಣ ಇದೆ. ಅಲ್ಲಿ ಯಾವ ರೈಲು ನಿಲ್ಲುತ್ತೆ ಅಂತ ಮೊದಲೇ ವಿಚಾರಿಸಿ.
* ಕೋತಿಗೆ ತಿಂಡಿ ಕೊಡಬೇಡಿ. ಬಾಟಲಿ, ಕವರ್ ವಾಪಸ್ ತನ್ನಿ. ಮೇಲೆ ಎಸೆದಿದ್ದು ಮಳೆ ಬಂದಾಗ ಕೆಳಗಿನ ಊರಿನ ಕೆರೆಗೇ ಬರೋದು.