ತೇಲುವ ಗುಂಡು

1954ರಲ್ಲಿ ಅಮೆರಿಕದ ಹೂವರ್ ಕಂಪನಿ 'ಕಾನ್ಸ್ಟಲೇಷನ್' ಎಂಬ ವ್ಯಾಕ್ಯೂಮ್ ಕ್ಲೀನರನ್ನು ಮಾರುಕಟ್ಟೆಗೆ ಬಿಟ್ಟಿತು. ನೋಡಲು ಚೆಂಡಿನಂತೆ ಗುಂಡಗೆ. ಮೊದಲ ಮಾದರಿಗೆ ಚಕ್ರವೇ ಇರಲಿಲ್ಲ. ಅದನ್ನು ಕೋಣೆಯ ನಡುವೆ ಕೂರಿಸಿ, ತಲೆಯ ಮೇಲೆ ತಿರುಗುವ ಕೊಳವೆ ಹಿಡಿದು ಸುತ್ತಲೂ ಗುಡಿಸಬೇಕು. ಸೋಫಾ, ಮೇಜು, ಕುರ್ಚಿ ತುಂಬಿದ ಮನೆಯಲ್ಲಿ ನಡುವೆ ಜಾಗ ಎಲ್ಲಿರುತ್ತದೆ ಎಂದು ವಿನ್ಯಾಸಕಾರರು ಯೋಚಿಸಿದಂತಿಲ್ಲ.

ಆಮೇಲೆ ಬಂದದ್ದು ಇನ್ನೂ ಸೊಗಸಾದ ಉಪಾಯ. ಯಂತ್ರ ಹೊರಬಿಡುವ ಗಾಳಿಯನ್ನೆಲ್ಲ ಅಡಿಗೆ ತಿರುಗಿಸಿದರು. ಗುಂಡು ನೆಲದಿಂದ ಕೂದಲೆಳೆಯಷ್ಟು ಎದ್ದು ತೇಲಿತು. ಎಳೆದರೆ ಸಾಕು, ಜಾರಿಕೊಂಡು ಹಿಂದೆ ಬರುತ್ತದೆ. ಗಾಳಿಯ ಮೆತ್ತೆಯ ಮೇಲೆ ತೇಲುವ ವಾಹನ ಹೋವರ್‌ಕ್ರಾಫ್ಟ್ ಇಂಗ್ಲಿಷ್ ಕಡಲ್ಗಾಲುವೆ ದಾಟಿದ್ದು 1959ರಲ್ಲಿ. ಅದಕ್ಕೂ ಮುಂಚೆಯೇ ಅದೇ ತತ್ವ ಗೃಹಿಣಿಯರ ಕೈಗೆ ಬಂದಿತ್ತು!

ಬರಿ ನೆಲದ ಮೇಲೆ ಎಲ್ಲ ಸರಿ, ಆದರೆ ಸದ್ದು ಜೋರು. ರತ್ನಗಂಬಳಿಗೆ ಬಂದರೆ ಪೇಚಾಟ: ಅದರ ಮೇಲೆ ಗುಂಡು ಸರಿಯಾಗಿ ತೇಲುತ್ತಿರಲಿಲ್ಲ. 

ಆದರೂ 1975ರವರೆಗೆ ಇದು ತಯಾರಾಗುತ್ತಲೇ ಇತ್ತು. ಇಂದು ಹಳೆಯ ಯಂತ್ರಗಳ ಸಂಗ್ರಾಹಕರು ಇದನ್ನು ಹುಡುಕಿ ಕೊಳ್ಳುತ್ತಾರೆ. ಅವರಲ್ಲಿ ಹಲವರಿಗೆ ಬೇಕಿರುವುದು ಶುಚಿಯಲ್ಲ, ಆ ತೇಲಾಟ. ಕಸಕ್ಕೆ ಹೇಗೂ ಪೊರಕೆ ಇದೆ.