ಖೋಟಾ ದಸ್ತಾವೇಜು: ಅಪರಾಧ, ಶಿಕ್ಷೆ, ಇತಿಹಾಸ

ಮೋಸದ ಉದ್ದೇಶದಿಂದ ಸುಳ್ಳು ದಸ್ತಾವೇಜು ಸೃಷ್ಟಿಸುವುದೇ ಖೋಟಾ ಅಪರಾಧ. ಕೋರ್ಟಿನ ರೂಢಿಯಲ್ಲಿ ಫೋರ್ಜರಿ.

ಕರ್ನಾಟಕದಲ್ಲಿ ಈ ಕಸುಬಿಗೆ ಕಾಗದವೇ ಬೇಕಿರಲಿಲ್ಲ. ಗಂಗ ಅರಸರ ಹೆಸರಿನ ಎಷ್ಟೋ ತಾಮ್ರಪಟಗಳು ಕೂಟಶಾಸನಗಳೆಂದು, ಅಂದರೆ ಖೋಟಾ ಶಾಸನಗಳೆಂದು, ಶಾಸನತಜ್ಞ ಜೆ.ಎಫ್. ಫ್ಲೀಟ್ ವಾದಿಸಿದರು, ಇನ್ನೊಬ್ಬ ಶಾಸನತಜ್ಞ ಬಿ.ಎಲ್. ರೈಸ್ ಅದನ್ನು ಒಪ್ಪಲಿಲ್ಲ. ಮಡಿಕೇರಿಯಲ್ಲಿ ಸಿಕ್ಕ, ಗಂಗ ಅರಸ ಅವಿನೀತನ ತಾಮ್ರಪಟದಲ್ಲಿ 388ನೆಯ ವರ್ಷವೆಂದಿದೆ. ಅದು ಶಕವರ್ಷವಾದರೆ ಕ್ರಿ.ಶ. 466. ಆದರೆ ಅಕ್ಷರದ ಮಾಟ ಶತಮಾನಗಳಷ್ಟು ಈಚಿನದೆಂದು ಹಲವು ವಿದ್ವಾಂಸರು ಹೇಳಿದ್ದಾರೆ.

ಕೂಟಶಾಸನ ಬರೆದವನಿಗೆ ಮನುಸ್ಮೃತಿ ಹೇಳುವುದು ಮರಣದಂಡನೆ. ಯಾಜ್ಞವಲ್ಕ್ಯ ಸ್ಮೃತಿ ಅತಿ ಹೆಚ್ಚಿನ ದಂಡಕ್ಕೆ ನಿಲ್ಲುತ್ತದೆ. ಪತ್ರದ ಮೇಲೆ ಸಂಶಯ ಬಂದರೆ ಅದೇ ವ್ಯಕ್ತಿಯ ಬೇರೆ ಕೈಬರಹದೊಂದಿಗೆ ತಾಳೆ ನೋಡಬೇಕೆಂಬ ನಿಯಮವೂ ಅದರಲ್ಲಿದೆ. ಆ ಸ್ಮೃತಿಗೆ ಮಿತಾಕ್ಷರ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ಚಾಲುಕ್ಯರ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ.

ಇಂಗ್ಲೆಂಡಿನ ಕಾನೂನಿನಲ್ಲೂ ಖೋಟಾಕ್ಕೆ ಮರಣದಂಡನೆಯಿತ್ತು. ಅದರಡಿ 1775ರ ಆಗಸ್ಟ್ 5ರಂದು ಕಲ್ಕತ್ತೆಯಲ್ಲಿ ಮಹಾರಾಜ ನಂದಕುಮಾರನನ್ನು ಗಲ್ಲಿಗೇರಿಸಲಾಯಿತು. 1860ರ ಭಾರತೀಯ ದಂಡ ಸಂಹಿತೆ ನೇಣು ಬಿಟ್ಟು ಸೆರೆವಾಸ ಹಿಡಿಯಿತು.

ಕಾನೂನಿನ ಸೂಕ್ಷ್ಮ ಇರುವುದು ವ್ಯಾಖ್ಯೆಯಲ್ಲಿ. ಭಾನುವಳ್ಳಿಯ ಒಬ್ಬ ರೈತ ಪಕ್ಕದವನ ಗದ್ದೆ ತನ್ನದೆಂದು ಹೇಳಿ, ತನ್ನದೇ ಸಹಿ ಹಾಕಿ ಹರಿಹರದಲ್ಲಿ ಕ್ರಯಪತ್ರ ಮಾಡಿಕೊಟ್ಟ ಎನ್ನಿ. ಅದು ಹಸಿ ಸುಳ್ಳು. ಕೊಂಡವನಿಗೆ ವಂಚನೆಯೂ ಹೌದು. ಆದರೆ ಖೋಟಾ ಅಲ್ಲ ಎಂಬುದು ಮೊಹಮ್ಮದ್ ಇಬ್ರಾಹಿಂ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಸೂತ್ರ. ಅದೇ ಪತ್ರಕ್ಕೆ ಪಕ್ಕದವನ ಹೆಸರಿನಲ್ಲಿ ಸಹಿ ಹಾಕಿದ್ದರೆ ಖೋಟಾ. ಪತ್ರದೊಳಗಿನ ಸುಳ್ಳಿಗಿಂತ, ಬರೆದವನು ಯಾರೆಂಬ ಸುಳ್ಳು ಇಲ್ಲಿ ಮುಖ್ಯ. ಗದ್ದೆ ಕಳೆದುಕೊಳ್ಳುವ ಭಯದಲ್ಲಿರುವವನಿಗೆ ಈ ತರ್ಕ ರುಚಿಸುವುದು ಕಷ್ಟ.

2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಸಾಮಾನ್ಯ ಖೋಟಾಕ್ಕೆ 2 ವರ್ಷದವರೆಗೆ ಸಜೆ, ವಂಚನೆಗಾಗಿ ಮಾಡಿದ್ದರೆ 7 ವರ್ಷ. ವಿಲ್, ಕ್ರಯಪತ್ರದಂಥವಕ್ಕೆ ಜೀವಾವಧಿಯವರೆಗೂ ಹೋಗಬಹುದು. ನಕಲಿ ಆಧಾರ್ ಮತ್ತು ಮತದಾರರ ಚೀಟಿಯನ್ನು ಹೊಸ ಸಂಹಿತೆ ಹೆಸರಿಸಿಯೇ ಸೇರಿಸಿದೆ.

ರಾಜ್ಯ ಕಂಡ ಅತಿ ದೊಡ್ಡ ಖೋಟಾ ಹಗರಣ ಖಾನಾಪುರದ ಅಬ್ದುಲ್ ಕರೀಂ ತೆಲಗಿಯದು. ರೈಲು ನಿಲ್ದಾಣದಲ್ಲಿ ಹಣ್ಣು ಮಾರುತ್ತಿದ್ದವನು ಮುಂದೆ ನಕಲಿ ಛಾಪಾ ಕಾಗದ ಅಚ್ಚು ಹಾಕಿಸಿ ಬ್ಯಾಂಕು, ವಿಮಾ ಕಂಪನಿಗಳಿಗೂ ಮಾರಿದ. ಸರ್ಕಾರಿ ಛಾಪಾ ನಕಲು ಮಾಡುವುದು ಸಂಹಿತೆಯಲ್ಲಿ ಬೇರೆಯದೇ ಅಪರಾಧ. ಅದಕ್ಕೂ ಜೀವಾವಧಿಯವರೆಗೆ ಶಿಕ್ಷೆಯುಂಟು. 2001ರಲ್ಲಿ ಅಜ್ಮೇರಿನಲ್ಲಿ ಸೆರೆಸಿಕ್ಕ ತೆಲಗಿ, 2017ರ ಅಕ್ಟೋಬರಿನಲ್ಲಿ ಕೈದಿಯಾಗಿಯೇ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ.

ಈಗ ಛಾಪಾ ಕಾಗದದ ಜಾಗಕ್ಕೆ ಇ-ಸ್ಟ್ಯಾಂಪ್ ಬಂದಿದೆ. ಪಹಣಿಯನ್ನು ಕಂಪ್ಯೂಟರಿಗೆ ಹಾಕಿದ ‘ಭೂಮಿ’ ಯೋಜನೆಯಿಂದ ಕೈಬರಹದ ಪಹಣಿ ತಿದ್ದುವ ದಾರಿಯೂ ಮುಚ್ಚಿತು. ವಿಲ್ ಮಾತ್ರ ಹಾಗೇ ಉಳಿದಿದೆ: ಅದಕ್ಕೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಬರೆಸಿದವರ ಸಹಿಯ ಜೊತೆಗೆ ಇಬ್ಬರು ಸಾಕ್ಷಿಗಳ ಸಹಿಯಿದ್ದರೆ ಸಾಕು.