ಕ್ಯಾನ್ಸರ್ ಗೀನ್ಸರ್: ಒಬ್ಬ ನಗೆನಟಿಯ ಎರಡನೆಯ ಪಾತ್ರ

1993ರ ನವೆಂಬರಿನಲ್ಲಿ ಅಮೆರಿಕದ ಸಿ.ಬಿ.ಎಸ್. ದೂರದರ್ಶನ ಜಾಲದಲ್ಲಿ ‘ದಿ ನ್ಯಾನಿ’ ಎಂಬ ಹಾಸ್ಯ ಧಾರಾವಾಹಿ ಆರಂಭವಾಯಿತು. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದ ಹೆಂಗಸೊಬ್ಬಳು ಸೌಂದರ್ಯ ಸಾಧನಗಳನ್ನು ಮಾರುತ್ತ ಶ್ರೀಮಂತ ನಾಟಕ ನಿರ್ಮಾಪಕನೊಬ್ಬನ ಮನೆಯ ಕದ ತಟ್ಟುತ್ತಾಳೆ. ಅವನ ಮೂವರು ಮಕ್ಕಳನ್ನು ನೋಡಿಕೊಳ್ಳುವ ದಾದಿಯಾಗಿ ಅಲ್ಲಿಯೇ ಉಳಿಯುತ್ತಾಳೆ. ಕಥೆ ಇಷ್ಟೇ. ಆದರೆ ಆ ಪಾತ್ರ ಮಾಡಿದ ಫ್ರಾನ್ ಡ್ರೆಶರ್ ಅವರ ದನಿ ಇದೆಯಲ್ಲ, ಅದು ಮೂಗಿನಿಂದ ಹೊರಟು ಕಿವಿಯನ್ನು ಗೀರಿಕೊಂಡು ಹೋಗುವಂಥದು. ನಮ್ಮ ಧ್ವನಿಮುದ್ರಣದವರಾಗಿದ್ದರೆ ಮೈಕನ್ನು ಒಂದು ಗೇಣು ಹಿಂದಕ್ಕೆ ಸರಿಸುತ್ತಿದ್ದರು. ಅಲ್ಲಿ ಆ ದನಿಯೇ ಬಂಡವಾಳವಾಯಿತು. ಆಗಿನ ಪತಿ ಪೀಟರ್ ಮಾರ್ಕ್ ಜೇಕಬ್‌ಸನ್ ಅವರೊಡನೆ ಸೇರಿ ಫ್ರಾನ್ ಅವರೇ ರೂಪಿಸಿದ ಆ ಧಾರಾವಾಹಿ 1999ರವರೆಗೆ 146 ಕಂತು ನಡೆಯಿತು.

ಧಾರಾವಾಹಿಯ ಕೊನೆಯ ವರ್ಷದ ಹೊತ್ತಿಗೆ ಅವರಿಗೆ ಎರಡು ಮುಟ್ಟುಗಳ ನಡುವೆ ರಕ್ತ ಕಾಣಿಸಿಕೊಳ್ಳತೊಡಗಿತು, ಹೊಟ್ಟೆನೋವೂ ಇತ್ತು. ವೈದ್ಯರ ಬಳಿ ಹೋದರು. ಒಬ್ಬರಾದ ಮೇಲೆ ಇನ್ನೊಬ್ಬರು, ಹೀಗೆ ಎರಡು ವರ್ಷಗಳಲ್ಲಿ ಎಂಟು ಮಂದಿ. ಮುಟ್ಟು ನಿಲ್ಲುವ ಕಾಲ ಸಮೀಪಿಸಿದೆ ಎಂದು ಊಹಿಸಿ, ತಮಗಿಲ್ಲದ ತೊಂದರೆಗೆ ಚಿಕಿತ್ಸೆ ಕೊಟ್ಟರೆಂದು ಫ್ರಾನ್ ಮುಂದೆ ಹೇಳಿದ್ದಾರೆ. 2000ದ ಜೂನಿನಲ್ಲಿ ನಿಜ ಸಂಗತಿ ಹೊರಬಿತ್ತು: ಗರ್ಭಕೋಶದ ಕ್ಯಾನ್ಸರ್.

ಇಲ್ಲಿ ಸ್ವಲ್ಪ ವಿಜ್ಞಾನ ಅಗತ್ಯ. ಈಸ್ಟ್ರೋಜನ್ ಎಂಬ ಹಾರ್ಮೋನಿನ ಪ್ರೇರಣೆಯಿಂದ ಗರ್ಭಕೋಶದ ಒಳಪದರ ತಿಂಗಳು ತಿಂಗಳೂ ದಪ್ಪವಾಗುತ್ತದೆ. ಪ್ರೊಜೆಸ್ಟರಾನ್ ಅದನ್ನು ಹತೋಟಿಯಲ್ಲಿಡುತ್ತದೆ. ಪ್ರೊಜೆಸ್ಟರಾನಿನ ಮಟ್ಟ ಇಳಿದಾಗ ಪದರ ಕಳಚಿ ಮುಟ್ಟಾಗುತ್ತದೆ. ಈ ಸಮತೋಲ ಬಹುಕಾಲ ತಪ್ಪಿದರೆ ಪದರದ ಕೋಶಗಳು ಮಿತಿಮೀರಿ ಬೆಳೆದು, ಕೆಲವರಲ್ಲಿ ಕ್ಯಾನ್ಸರಾಗುತ್ತದೆ. ರೋಗಿಗಳಲ್ಲಿ ಹೆಚ್ಚಿನವರು ಮುಟ್ಟು ನಿಂತವರು, ಅರುವತ್ತರ ಆಸುಪಾಸಿನವರು. ನಲವತ್ತರ ಹೆಂಗಸಿನಲ್ಲಿ ವೈದ್ಯರು ಇದನ್ನು ಮೊದಲು ಶಂಕಿಸದಿರುವುದು ಅರ್ಥವಾಗುತ್ತದೆ. ಎರಡು ವರ್ಷ ಶಂಕಿಸದಿದ್ದುದು ಮಾತ್ರ ಅರ್ಥವಾಗುವುದಿಲ್ಲ. ಏಕೆಂದರೆ ಪರೀಕ್ಷೆ ಸರಳ. ತೆಳುವಾದ ಕೊಳವೆಯೊಂದರಿಂದ ಒಳಪದರದ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಅಷ್ಟೇ. ಇದನ್ನು ಬಯಾಪ್ಸಿ ಎನ್ನುತ್ತಾರೆ. ಪ್ಯಾಪ್ ಪರೀಕ್ಷೆ ಇರುವುದು ಗರ್ಭಕೋಶದ ಕೊರಳಿಗೆ. ಅದು ಸರಿಯಿದ್ದರೆ ಒಳಗೆಲ್ಲ ಸರಿಯಿದೆ ಎಂದು ತಿಳಿದವರು ಬಹಳ.

ಪುಣ್ಯಕ್ಕೆ ರೋಗ ಇನ್ನೂ ಮೊದಲ ಹಂತದಲ್ಲಿತ್ತು. ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೋಶ ತೆಗೆದರು. ತೆರೆಯ ಮೇಲೆ ಪರರ ಮಕ್ಕಳನ್ನು ಬೆಳೆಸಿ ಹೆಸರಾದವರು, ಸ್ವಂತ ಮಗುವನ್ನು ಹೆರುವ ಸಾಧ್ಯತೆಯನ್ನು ತಮ್ಮ 42ನೆಯ ವಯಸ್ಸಿನಲ್ಲಿ ಕಳೆದುಕೊಂಡರು.

2002ರಲ್ಲಿ ಅವರು ಇದನ್ನೆಲ್ಲ ಬರೆದು ‘ಕ್ಯಾನ್ಸರ್ ಶ್ಮ್ಯಾನ್ಸರ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಈ ಹೆಸರು ಕನ್ನಡಿಗರಿಗೆ ಬೇಗ ಹಿಡಿಸುತ್ತದೆ. ಪೂರ್ವ ಯುರೋಪಿನ ಯಹೂದಿಗಳ ಯಿಡ್ಡಿಷ್ ಮಾತಿನಿಂದ ಅಮೆರಿಕಕ್ಕೆ ಬಂದ ಈ ‘ಶ್ಮ’ ನಮ್ಮ ‘ಗಿ’ಕಾರದ ಅಣ್ಣನೋ ತಮ್ಮನೋ ಇರಬೇಕು. ಫ್ರಾನ್ ಕೂಡ ಯಹೂದಿ ಮನೆತನದವರು. ‘ಜ್ವರ ಗಿರ ಏನಿಲ್ಲ, ಏಳು’ ಎಂದು ನಾವು ರೋಗವನ್ನು ತಳ್ಳಿಹಾಕುವ ಧಾಟಿಯೇ ಅದು. ಎರಡು ವರ್ಷ ವೈದ್ಯರಿಂದ ಕೇಳಿದ ಆ ಧಾಟಿಯನ್ನು ಅವರು ರೋಗದ ಮೇಲೆಯೇ ತಿರುಗಿಸಿದರು. ಮುಟ್ಟು, ಗರ್ಭಕೋಶ ಎಂಬ ಪದಗಳನ್ನು ಕ್ಯಾಮೆರಾದ ಮುಂದೆ ಆಡಲು ಅತಿಥಿಗಳು ಹಿಂಜರಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಗಿಸಿ ಅಭ್ಯಾಸವಿದ್ದ ಫ್ರಾನ್ ಸಭಿಕರನ್ನು ಮೊದಲು ನಗಿಸಿ, ಆಮೇಲೆ ಆ ಪದಗಳನ್ನು ಹೇಳುತ್ತಿದ್ದರು.

ಮಾತು ಕಾನೂನಿನವರೆಗೂ ಹೋಯಿತು. 2000ದಲ್ಲಿ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡ ಮಿಷಿಗನ್ ರಾಜ್ಯದ ಶಿಕ್ಷಕಿಯೊಬ್ಬರ ನೆನಪಿನಲ್ಲಿ ‘ಜೊಹಾನಾ ಕಾನೂನು’ ಎಂದು ಹೆಸರಾದ ಮಸೂದೆಯ ಪರವಾಗಿ ಅವರೂ ವಾಷಿಂಗ್ಟನ್ನಿನಲ್ಲಿ ಓಡಾಡಿದರು. 2007ರ ಜನವರಿಯಲ್ಲಿ ಅಧ್ಯಕ್ಷ ಬುಷ್ ಸಹಿ ಹಾಕಿದರು. ಹೆಂಗಸರ ಜನನಾಂಗಗಳ ಕ್ಯಾನ್ಸರಿನ ಲಕ್ಷಣಗಳನ್ನು ಮಹಿಳೆಯರಿಗೂ ವೈದ್ಯರಿಗೂ ತಿಳಿಸಿಕೊಡುವುದು ಸರಕಾರದ ಹೊಣೆಯಾಯಿತು. ‘ವೈದ್ಯರಿಗೂ’ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅದೇ ವರ್ಷ ಫ್ರಾನ್ ತಮ್ಮ ಪುಸ್ತಕದ ಹೆಸರಿನಲ್ಲಿಯೇ ಸಂಸ್ಥೆ ಕಟ್ಟಿದರು. 2008ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಮಹಿಳೆಯರ ಆರೋಗ್ಯಕ್ಕಾಗಿ ಅವರನ್ನು ರಾಯಭಾರಿಯಾಗಿ ಹೊರದೇಶಗಳಿಗೆ ಕಳುಹಿಸಿತು.

ಅವರು ಹೇಳಿದ್ದೆಲ್ಲಕ್ಕೂ ಒಂದೇ ತೂಕವಿಲ್ಲ. ಸಂಸ್ಥೆ ಮುಂದೆ ಮನೆಬಳಕೆಯ ರಾಸಾಯನಿಕಗಳ ಕಡೆ ತಿರುಗಿತು. ಅಲ್ಲಿನ ಎಷ್ಟೋ ಎಚ್ಚರಿಕೆಗಳಿಗೆ ರಕ್ತಸ್ರಾವದ ಲಕ್ಷಣಕ್ಕಿರುವಷ್ಟು ಗಟ್ಟಿ ಪುರಾವೆಯಿಲ್ಲ.

2021ರಲ್ಲಿ ಅವರು ಅಮೆರಿಕದ ನಟನಟಿಯರ ಸಂಘದ ಅಧ್ಯಕ್ಷೆಯಾದರು. 2023ರಲ್ಲಿ ಸಂಘ 118 ದಿನ ಮುಷ್ಕರ ಹೂಡಿತು. ಆಗಿನ ಅವರ ಭಾಷಣದ ತುಣುಕನ್ನು ಕೇಳಿದೆ. ಮೂಗಿನ ದನಿ ಹಾಗೆಯೇ ಇತ್ತು.